ಗ್ರಹಚಾರ ಅಲ್ಲ ಮಾರಾಯ್ರೆ, ಲೆಕ್ಕ!

ಹೋದ ವಾರ ಊರಿಗೆ ಹೋಗಿದ್ದೆ. ಸಂಜೆ ಗೋಪಾಳದಲ್ಲಿ ಹುಡುಗರು ಫುಟ್‌ಬಾಲ್ ಆಡೋದನ್ನ ನೋಡ್ತಾ ನಿಂತೆ. ಎಲ್ಲರಿಗಿಂತ ಚೆನ್ನಾಗಿ ಆಡ್ತಿದ್ದ ಹುಡುಗ ತೊಡೆಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡಿದ್ದ. ಕೇಳಿದರೆ, "ಹತ್ತು ದಿನದ ಹಿಂದೆ ಹಿಡ್ಕೊಂಡಿತ್ತು ಅಣ್ಣಾ. ಭಾನುವಾರ ಮ್ಯಾಚಿದೆ, ಏನೂ ಆಗಲ್ಲ" ಅಂದ. ಅರ್ಧ ಗಂಟೆಯೊಳಗೆ ಅದೇ ತೊಡೆ ಹಿಡಿದು ಕೂತ. "ಗ್ರಹಚಾರ ಕಣೋ" ಅಂದರು ಉಳಿದವರು.

ಕಾಲೇಜಿನಲ್ಲಿ ನನಗೂ ಹೀಗೇ ಆಗಿತ್ತು. ನಾನೂ ಗ್ರಹಚಾರ ಅಂತಲೇ ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ.

ನಮ್ಮ ಕಡೆ ಆಟಗಾರನ ಮೈಗೆ ಏನಾಯ್ತು ಅನ್ನೋದು ಸುದ್ದಿಯಾಗಬೇಕಾದರೆ ಯಾರಾದರೂ ಸಾಯಬೇಕು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ನಡೀತಿತ್ತು. ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆಯುವಾಗ ಮೋಹನ್ ಬಗಾನ್ ಗೋಲಿಗೆ ಡಿಕ್ಕಿಯಾಗಿ ಕುಸಿದು ತೀರಿಕೊಂಡ. ಅದು ಎಲ್ಲರಿಗೂ ನೆನಪಿದೆ. ಆದರೆ ತೊಡೆ, ಮಂಡಿ ಹಾಳಾಗಿ ಸದ್ದಿಲ್ಲದೆ ಆಟ ಬಿಟ್ಟವರನ್ನ ಎಣಿಸಿದವರು ಯಾರು?

ಯುರೋಪಿನಲ್ಲಿ ಎಣಿಸಿದ್ದಾರೆ. ಯುಇಎಫ್ಎ 2001ರಿಂದ ದೊಡ್ಡ ಕ್ಲಬ್‌ಗಳ ಗಾಯಗಳನ್ನೆಲ್ಲ ಬರೆದಿಡುತ್ತಾ ಬಂತು. ಮೊದಲ ಏಳು ವರ್ಷದ ಲೆಕ್ಕ ಹೀಗಿದೆ: ಅಭ್ಯಾಸದಲ್ಲಿ 1000 ಗಂಟೆಗೆ ಸುಮಾರು 4 ಗಾಯ, ಪಂದ್ಯದಲ್ಲಿ 27ಕ್ಕೂ ಹೆಚ್ಚು. 25 ಜನರ ತಂಡಕ್ಕೆ ಒಂದು ಸೀಸನ್ನಿನಲ್ಲಿ ಸುಮಾರು 50 ಗಾಯ! ಅದರಲ್ಲಿ ಶೇ. 12 ಹಳೇ ಗಾಯವೇ ಮರುಕಳಿಸಿದ್ದು. ಹೊಸ ಗಾಯಕ್ಕೆ ಸರಾಸರಿ 18 ದಿನ ಹೊರಗೆ ಕೂತರೆ, ಮರುಕಳಿಸಿದ್ದಕ್ಕೆ 24 ದಿನ. ಸ್ವೀಡನ್ನಿನ ಅಗ್ರ ಲೀಗ್ ಆಟಗಾರರನ್ನ ನೋಡಿದಾಗಲೂ ಅಷ್ಟೇ. ಹಿಂದಿನ ವರ್ಷ ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆ ಹಿಂಭಾಗದ ಸ್ನಾಯು, ನೋಯಿಸಿಕೊಂಡವನಿಗೆ ಮರುವರ್ಷ ಅದೇ ಗಾಯ ಆಗುವ ಸಂಭವ ಎರಡು ಮೂರು ಪಟ್ಟು.

ಡಾಕ್ಟರು, ಫಿಸಿಯೊ ಎಲ್ಲ ಇರುವವರ ಕಥೆಯೇ ಇದು. ಬರೀ ಕ್ರೇಪ್ ಬ್ಯಾಂಡೇಜ್ ನಂಬಿದವನ ಗತಿ?

ಪರಿಹಾರಕ್ಕೆ ದುಡ್ಡೇನೂ ಬೇಡ. ಮಂಡಿಯೂರಿ ಕೂತು, ಗೆಳೆಯ ಹಿಮ್ಮಡಿ ಒತ್ತಿ ಹಿಡಿದಾಗ ನಿಧಾನಕ್ಕೆ ಮುಂದಕ್ಕೆ ಬಾಗೋದು, ಅಷ್ಟೇ. ಡೆನ್ಮಾರ್ಕಿನಲ್ಲಿ 50 ತಂಡಗಳನ್ನ ಎರಡು ಗುಂಪು ಮಾಡಿ ಪರೀಕ್ಷಿಸಿದರು. ಈ ವ್ಯಾಯಾಮ ಮಾಡಿದವರಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡದವರಲ್ಲಿ 52. ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಯುರೋಪಿನ ಅಂಕಿ ನಮ್ಮ ಬಯಲಿಗೆ ಹಾಗೇ ಹೊಂದಲ್ಲ, ನಿಜ. ಅದಕ್ಕೇ ನಮ್ಮ ಲೆಕ್ಕ ನಾವೇ ಇಡಬೇಕು. ನನ್ನ ಕೆಲಸದಲ್ಲಿ, ಬರೆದಿಡದ ಬಗ್ ಮತ್ತೆ ಬಂದೇ ಬರುತ್ತೆ. ತಂಡಕ್ಕೊಂದು ನೂರು ಪುಟದ ನೋಟ್‌ಬುಕ್ ಸಾಕು: ಯಾರಿಗೆ, ಎಲ್ಲಿ, ಯಾವತ್ತು, ಎಷ್ಟು ದಿನ. ಭಾನುವಾರ ಯಾರನ್ನ ಕೂರಿಸಬೇಕು ಅಂತ ಅದೇ ಹೇಳುತ್ತೆ.

ಹೊರಡುವ ಮುಂಚೆ ಆ ಹುಡುಗರಿಗೊಂದು ನೋಟ್‌ಬುಕ್ ಕೊಟ್ಟು ಬಂದೆ. ಮೊದಲ ಹೆಸರು ಅವನದೇ. ಬರೆಸಿಕೊಳ್ಳೋಕೆ ನಾಚಿಕೊಂಡ... ಪರವಾಗಿಲ್ಲ, ಇನ್ನೂ ಹತ್ತು ವರ್ಷ ಆಡಲಿ.

ನಿಮ್ಮೂರಲ್ಲಿ ಹೇಗೆ?