ಊರಿನ ಹೆಸರು ಬಲ್ಲ ಮಗು ಮನೆ ಸೇರುತ್ತದೆ



ಕಾಡು ದಾಟಿ, ಹೊಳೆ ದಾಟಿ, ಅಗಲಿದ ತಾಯಿಯನ್ನು ಹುಡುಕಿಕೊಂಡು ಹೋಗುವ ಮಗುವಿನ ಕಥೆ ಹೇಳಲು ಕುಳಿತರೆ ನಿಮ್ಮ ಮಕ್ಕಳು ಊಟವನ್ನೂ ಮರೆತು ಕೇಳುತ್ತಾರಲ್ಲವೇ? ತರಗತಿಯಲ್ಲಿಯೂ ಹಾಗೆಯೇ. ರಾಜರ ಯುದ್ಧದ ಪಾಠಕ್ಕೆ ಆಕಳಿಸುವ ಹುಡುಗರು ಕೂಡ "ಆಮೇಲೆ ಅಮ್ಮ ಸಿಕ್ಕಳಾ ಟೀಚರ್?" ಎಂದು ಕೇಳದೆ ಬಿಡುವುದಿಲ್ಲ. ಮಕ್ಕಳಿಗೆ ಹುಲಿಗಿಂತ, ಕತ್ತಲೆಗಿಂತ ದೊಡ್ಡ ಭಯವೆಂದರೆ ಮನೆಯವರಿಂದ ದೂರವಾಗುವುದು. ಅದಕ್ಕೇ ಇಂತಹ ಕಥೆಗಳ ಮೇಲೆ ಅವರಿಗೆ ಅಷ್ಟು ಪ್ರೀತಿ.

ಮದ್ರಸಕ್ಕೆ ಹೋಗುವ ನಮ್ಮ ಮಕ್ಕಳು ಇಂತಹ ಒಂದು ಕಥೆಯನ್ನು ಚಿಕ್ಕಂದಿನಲ್ಲೇ ಕೇಳುತ್ತಾರೆ. ಫಿರ್‌ಔನನು ಬನೀ ಇಸ್ರಾಈಲರ ಗಂಡು ಶಿಶುಗಳನ್ನು ಕೊಲ್ಲಿಸುತ್ತಿದ್ದ ಕಾಲ. ಪ್ರವಾದಿ ಮೂಸಾ(ಅ)ರ ತಾಯಿ ಹಸುಗೂಸನ್ನು ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟರು. ಅದರ ಹಿಂದೆಯೇ ಹೋಗೆಂದು ಮಗಳಿಗೆ ಹೇಳಿದರು. ಆ ಹುಡುಗಿ ಯಾರಿಗೂ ಅನುಮಾನ ಬಾರದಂತೆ ದೂರದಿಂದಲೇ ತಮ್ಮನ ಮೇಲೆ ಕಣ್ಣಿಟ್ಟಳು. ಮಗು ಅರಮನೆ ಸೇರಿ ಯಾವ ದಾದಿಯ ಹಾಲನ್ನೂ ಕುಡಿಯದಿದ್ದಾಗ, ಇದನ್ನು ಚೆನ್ನಾಗಿ ಸಾಕುವ ಒಂದು ಮನೆಯನ್ನು ತೋರಿಸಲೇ ಎಂದು ಕೇಳಿದಳು. ಹೀಗೆ ಮಗು ತಾಯಿಯ ಮಡಿಲಿಗೇ ಮರಳಿತು. ಕುರ್‌ಆನಿನ 28ನೇ ಅಧ್ಯಾಯ ಅಲ್ ಕಸಸ್‌ನಲ್ಲಿ ಈ ಪ್ರಸಂಗವಿದೆ. ಗಮನಿಸಿ: ಆ ಹುಡುಗಿ ಕತ್ತಿ ಹಿಡಿಯಲಿಲ್ಲ, ನೀರಿಗೆ ಹಾರಲಿಲ್ಲ. ಅವಳು ಕಣ್ಣು ತಪ್ಪಿಸದೆ ನೋಡಿದಳು, ಬಾಯಿ ಮುಚ್ಚಬೇಕಾದಲ್ಲಿ ಮುಚ್ಚಿದಳು, ಹೇಳಬೇಕಾದ ಮಾತನ್ನು ಹೇಳಬೇಕಾದ ಹೊತ್ತಿಗೆ ಹೇಳಿದಳು.

ಹಂಪಿ, ಆನೆಗೊಂದಿಯ ಬಂಡೆಗಳ ನಡುವೆ ಬೆಳೆಯುವ ಮಕ್ಕಳು ನೆರೆಮನೆಯ ಹಿಂದೂ ಗೆಳೆಯರಿಂದ ಇನ್ನೊಂದು ಅಗಲಿಕೆಯ ಕಥೆಯನ್ನೂ ಕೇಳಿರುತ್ತಾರೆ. ಪತ್ನಿಯನ್ನು ಹುಡುಕುತ್ತ ಬಂದ ರಾಮನು ಮಳೆಗಾಲ ಮುಗಿಯುವವರೆಗೆ ಇಲ್ಲಿಯ ಮಾಲ್ಯವಂತ ಬೆಟ್ಟದಲ್ಲಿ ಕಾದಿದ್ದನೆಂಬುದು ಈ ನೆಲದ ನಂಬಿಕೆ. ಅಗಲಿದವರು ಮತ್ತೆ ಕೂಡಬೇಕೆಂಬ ಆಸೆ ಎಲ್ಲ ಮನೆಗಳದೂ ಒಂದೇ.

ಆದರೆ ನಿಜ ಜೀವನದಲ್ಲಿ ದಾರಿ ತಪ್ಪಿದ ಮಗುವಿಗೆ ಏನಾಗುತ್ತದೆ? 1986ರಲ್ಲಿ ಮಧ್ಯಪ್ರದೇಶದ ಖಂಡ್ವಾ ಪಟ್ಟಣದ ಬಡ ಕೇರಿಯೊಂದರಿಂದ ಐದು ವರ್ಷದ ಬಾಲಕನೊಬ್ಬ ತನ್ನ ಅಣ್ಣನ ಜೊತೆ ಬುರ್ಹಾನ್‌ಪುರ ರೈಲು ನಿಲ್ದಾಣಕ್ಕೆ ಹೋದ. ಅಣ್ಣ ಬರುವವರೆಗೆ ಬೆಂಚಿನ ಮೇಲೆ ನಿದ್ರಿಸಿದ. ಎಚ್ಚರವಾದಾಗ ಅಣ್ಣನಿರಲಿಲ್ಲ. ಅಣ್ಣನನ್ನು ಹುಡುಕಲು ನಿಂತಿದ್ದ ರೈಲನ್ನು ಹತ್ತಿದ. ಆ ರೈಲು ಅವನನ್ನು ಸುಮಾರು 1500 ಕಿ.ಮೀ. ದೂರದ ಹೌರಾದಲ್ಲಿ ಇಳಿಸಿತು. ಭಾಷೆ ತಿಳಿಯದ ಮಹಾನಗರ. ಕೆಲವು ವಾರ ಬೀದಿಯಲ್ಲಿ ಬದುಕಿ, ಕೊನೆಗೆ ಪೊಲೀಸರ ಕೈ ಸೇರಿ, ಅನಾಥಾಲಯ ಸೇರಿ, 1987ರಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದ ದಂಪತಿಗೆ ದತ್ತು ಹೋದ. ಆತನೇ ಸರೂ ಬ್ರೈಯರ್ಲಿ. ಆತನ ಬದುಕನ್ನು ಆಧರಿಸಿ 2016ರಲ್ಲಿ 'ಲಯನ್' ಚಲನಚಿತ್ರ ಬಂತು.

ಆ ಮಗು ಆಗಲೇ ಮನೆಗೆ ಮರಳಲಿಲ್ಲವೇಕೆ? ಕೇಳಿದವರಿಗೆ ಊರಿನ ಹೆಸರನ್ನು ಸರಿಯಾಗಿ ಹೇಳಲು ಅವನಿಗೆ ಬರಲಿಲ್ಲ. ತನ್ನ ಕೇರಿ 'ಗಣೇಶ್ ತಲಾಯಿ'ಯ ಹೆಸರನ್ನು ತೊದಲಿ ಹೇಳುತ್ತಿದ್ದ. ಅಂತಹ ಊರು ಯಾವ ನಕ್ಷೆಯಲ್ಲೂ ಇರಲಿಲ್ಲ. ತನ್ನ ಹೆಸರು ಶೇರು ಎಂಬುದನ್ನು ಸರೂ ಎಂದು ಉಚ್ಚರಿಸುತ್ತಿದ್ದ. ಆ ತೊದಲು ನುಡಿಯ ಬೆಲೆ ಇಪ್ಪತ್ತೈದು ವರ್ಷ! ದೊಡ್ಡವನಾದ ಮೇಲೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು, ಹೌರಾಕ್ಕೆ ಬರುವ ರೈಲು ಹಳಿಗಳನ್ನು ಒಂದೊಂದಾಗಿ ಹಿಂಬಾಲಿಸಿ, ನೆನಪಿನಲ್ಲುಳಿದಿದ್ದ ನಿಲ್ದಾಣದ ನೀರಿನ ಟ್ಯಾಂಕನ್ನು ಗುರುತು ಹಿಡಿದು, 2012ರಲ್ಲಿ ಆತ ತಾಯಿಯ ಮುಂದೆ ನಿಂತ. ತಾಯಿಯ ಹೆಸರು ಫಾತಿಮಾ. ಕಲ್ಲು ಹೊತ್ತು ಮಕ್ಕಳನ್ನು ಸಾಕಿದವರು. ಮಗ ತಪ್ಪಿಸಿಕೊಂಡ ದಿನವೇ ದೊಡ್ಡ ಮಗನನ್ನೂ ರೈಲು ಅಪಘಾತದಲ್ಲಿ ಕಳೆದುಕೊಂಡರು. ಆದರೂ ಕಿರಿಯವನು ಬಂದೇ ಬರುವನೆಂದು ಆ ಕೇರಿಯನ್ನು ಬಿಟ್ಟು ದೂರ ಹೋಗಿರಲಿಲ್ಲ.

ಇದು ಎಲ್ಲೋ ದೂರದ ಕಥೆ ಎಂದುಕೊಳ್ಳಬೇಡಿ. ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಹೊಸಪೇಟೆಯನ್ನು ಹಾದು ಹೌರಾ ನಗರದವರೆಗೆ ಹೋಗುತ್ತದೆ. ಹೊಸಪೇಟೆ ಪ್ಲಾಟ್‌ಫಾರಂನಲ್ಲಿ ನಿದ್ದೆಗಣ್ಣಿನಲ್ಲಿ ರೈಲು ಹತ್ತಿದ ಮಗುವಿಗೂ ಮರುದಿನ ತೆಲುಗು, ಅದರ ಮರುದಿನ ಬಂಗಾಳಿ ಕಿವಿಗೆ ಬೀಳಬಹುದು. ಹಂಪಿ ಉತ್ಸವದ ಜನಸಾಗರ, ಉರೂಸ್, ಸಂತೆ, ಮದುವೆ ಮನೆ, ಎಲ್ಲಿಯಾದರೂ ಒಂದು ಕ್ಷಣದಲ್ಲಿ ಕೈ ತಪ್ಪಬಹುದು.

ಒಮ್ಮೆ ನಾನು ಚಿಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದೆ, "ನಿನ್ನ ತಾಯಿಯ ಹೆಸರೇನು?" "ಅಮ್ಮಿ" ಎಂದರು. "ತಂದೆಯ ಹೆಸರು?" "ಅಬ್ಬಾ." "ಮನೆ ಎಲ್ಲಿ?" "ಮಸೀದಿ ಹತ್ತಿರ." ನಗು ಬಂತು, ಜೊತೆಗೇ ಎದೆ ನಡುಗಿತು. ಪದ್ಯ, ದುಆಗಳನ್ನೆಲ್ಲ ಬಾಯಿಪಾಠ ಹೇಳುವ ಮಕ್ಕಳಿಗೆ ಮನೆಗೆ ಮರಳುವ ದಾರಿಯ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ತಾವಾಗಿಯೇ ಹೊರಡುವ ಮಕ್ಕಳೂ ಇದ್ದಾರೆ. ಸಂಡೂರು, ಕಂಪ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ತಂದೆ-ತಾಯಿ ದುಡಿಮೆಗಾಗಿ ಬೇರೆ ಊರಿಗೆ ಹೋಗಿ, ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಅಂತಹ ಮಗುವಿನ ಮನಸ್ಸು ಸದಾ ದಾರಿಯ ಮೇಲೆಯೇ ಇರುತ್ತದೆ. ಒಂದು ದಿನ ಅದು ಹೊರಟೇ ಬಿಟ್ಟರೆ? ಕಥೆಯಲ್ಲಿ ಎಲ್ಲ ದಾರಿಗಳೂ ತಾಯಿಯ ಬಳಿ ಮುಗಿಯುತ್ತವೆ. ನಿಜವಾದ ದಾರಿಗೆ ಅಂತಹ ಕನಿಕರವಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ತೆಲಂಗಾಣದ ಮೆಣಸಿನಕಾಯಿ ಹೊಲಗಳಿಂದ ಛತ್ತೀಸಗಢದ ತನ್ನ ಊರಿಗೆ ನಡೆದು ಹೊರಟ ಹನ್ನೆರಡು ವರ್ಷದ ಹುಡುಗಿ, ಮೂರು ದಿನ ನಡೆದು, ಮನೆ ಇನ್ನು ಸ್ವಲ್ಪವೇ ದೂರವಿರುವಾಗ ಪ್ರಾಣ ಬಿಟ್ಟಳು.

ನಮ್ಮ ತುಂಗಭದ್ರೆಯೂ ಕಥೆಯ ಹೊಳೆಯಲ್ಲ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗುತ್ತದೆ, ಆಚೆ ದಡದ ಗಂಗಾವತಿಗೆ ಹೋಗುವವರು ಸುತ್ತಿ ಬಳಸಿ ಹೋಗಬೇಕು. 2019ರ ಆಗಸ್ಟ್ ಪ್ರವಾಹದಲ್ಲಿ ವಿರೂಪಾಪುರ ಗಡ್ಡೆಯ ಬಳಿ ತರಬೇತಿ ಪಡೆದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿತ್ತು. ದೊಡ್ಡವರನ್ನೇ ಕೆಡವುವ ಹೊಳೆಗೆ ಮಗು ಯಾವ ಲೆಕ್ಕ? ಸಾಹಸದ ಕಥೆ ಹೇಳುವಾಗ "ಹೊಳೆ ಕಂಡರೆ ನಿಲ್ಲಬೇಕು, ದೊಡ್ಡವರನ್ನು ಕರೆಯಬೇಕು" ಎಂಬ ಮಾತನ್ನೂ ಸೇರಿಸಿ. ಅದರಿಂದ ಕಥೆಯ ರುಚಿ ಕೆಡುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ನಾಲ್ಕು ವರ್ಷ ತುಂಬಿದ ಮಗುವಿಗೆ ತನ್ನ ಪೂರ್ಣ ಹೆಸರು, ತಂದೆ-ತಾಯಿಯ ಹೆಸರು, ಊರು, ಓಣಿ ಮತ್ತು ಒಂದು ಮೊಬೈಲ್ ನಂಬರನ್ನು ಹಾಡಿನಂತೆ ಕಲಿಸಿ. ನಂಬರ್ ಬದಲಾದ ದಿನವೇ ಹೊಸದನ್ನು ಕಲಿಸಿ. ಎರಡನೆಯದಾಗಿ, "ಕೈ ತಪ್ಪಿದರೆ ಎಲ್ಲಿದ್ದೀಯೋ ಅಲ್ಲೇ ನಿಲ್ಲು, ಯಾವ ಬಸ್ಸನ್ನೂ ರೈಲನ್ನೂ ಹತ್ತಬೇಡ, ಪೊಲೀಸರನ್ನೋ ಮಕ್ಕಳ ಜೊತೆಗಿರುವ ತಾಯಿಯನ್ನೋ ಕೇಳು" ಎಂದು ಹೇಳಿಕೊಡಿ. ಮೂರನೆಯದಾಗಿ, ದುಡಿಯಲು ದೂರ ಹೋಗುವವರು ಮಗು ಮಲಗಿದ್ದಾಗ ಕದ್ದು ಹೋಗಬೇಡಿ. ಎಲ್ಲಿಗೆ ಹೋಗುತ್ತೀರಿ, ಎಂದು ಬರುತ್ತೀರಿ ಎಂದು ಹೇಳಿ ಹೋಗಿ. ದಿನವೂ ಒಂದೇ ಹೊತ್ತಿಗೆ ಫೋನ್ ಮಾಡಿ. ತಾಯಿ ಬರುವ ದಿನ ಗೊತ್ತಿರುವ ಮಗು ಕಾಯುತ್ತದೆ.

ಮಗು ಕಾಣೆಯಾದರೆ ಒಂದು ಗಳಿಗೆಯೂ ತಡಮಾಡದೆ ಪೊಲೀಸ್ ಠಾಣೆಗೆ ಹೋಗಿ. 24 ಗಂಟೆ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ಕಾಣೆಯಾದ ಮಕ್ಕಳ ದೂರು ಬಂದೊಡನೆ ಪ್ರಕರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಾನ ಹೋದೀತೆಂದು, ಮುಖ್ಯವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಸುದ್ದಿ ಮುಚ್ಚಿಡುವ ಮನೆಗಳಿವೆ. ಮಾನಕ್ಕಿಂತ ಮಗು ದೊಡ್ಡದು.

ಇನ್ನು ಒಂಟಿ ಮಗು ನಿಮ್ಮ ಕಣ್ಣಿಗೆ ಬಿದ್ದರೆ? ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ 112ಕ್ಕೆ, ರೈಲಿನಲ್ಲಾದರೆ 139ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹೆಸರು ಹೇಳಬೇಕೆಂಬ ಹೆದರಿಕೆಯೂ ಬೇಡ. ಕರುಣೆಯಿಂದಲೇ ಆದರೂ ಅದನ್ನು ಮನೆಗೆ ಕರೆದುಕೊಂಡು ಹೋಗಿ ಸುಮ್ಮನಿರಬೇಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಗಳೊಳಗೆ ತಿಳಿಸಲೇಬೇಕು. ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ, ಮನೆಯವರನ್ನು ಹುಡುಕುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.

ಆ ಮಗು ಯಾವ ಜಾತಿ, ಯಾವ ಧರ್ಮ ಎಂದು ನೋಡುವ ಹೊತ್ತು ಅದಲ್ಲ. ಮಾತು ಬಾರದ, ಕಿವಿ ಕೇಳದ ಭಾರತದ ಪುಟ್ಟ ಬಾಲಕಿಯೊಬ್ಬಳು ದಾರಿ ತಪ್ಪಿ ಪಾಕಿಸ್ತಾನ ಸೇರಿದಾಗ ಕರಾಚಿಯ ಈಧಿ ಫೌಂಡೇಶನ್ ಅವಳನ್ನು ಸಾಕಿತು. ಬಿಲ್ಕೀಸ್ ಈಧಿಯವರು ಅವಳಿಗೆ ಗೀತಾ ಎಂದು ಹೆಸರಿಟ್ಟರು, ಅವಳ ಪೂಜೆಗೆ ಬೇಕಾದುದನ್ನು ತಂದುಕೊಟ್ಟರು, 2015ರ ಅಕ್ಟೋಬರ್ 26ರಂದು ಭಾರತಕ್ಕೆ ಕಳುಹಿಸಿಕೊಟ್ಟರು. ಪರರ ಮಗುವನ್ನು ಅಮಾನತ್ತಿನಂತೆ ಕಾಪಾಡುವುದೆಂದರೆ ಇದು.

ಕಥೆಯಲ್ಲಿ ಮಗು ತನ್ನ ಧೈರ್ಯದಿಂದಲೇ ಮನೆ ಸೇರುತ್ತದೆ. ನಿಜದಲ್ಲಿ ಅದಕ್ಕೆ ಎರಡು ಆಸರೆ ಬೇಕು: ಬಾಯಲ್ಲಿ ಊರಿನ ಹೆಸರು, ಎದುರಿಗೆ "ಯಾರಪ್ಪ ನೀನು, ಯಾಕೆ ಒಬ್ಬನೇ ನಿಂತಿದ್ದೀಯ?" ಎಂದು ಕೇಳುವ ಒಬ್ಬ ದೊಡ್ಡವರು. ಮೊದಲನೆಯದನ್ನು ಇಂದು ರಾತ್ರಿಯೇ ನಿಮ್ಮ ಮಗುವಿಗೆ ಕಲಿಸಿ. ಎರಡನೆಯದು ನಾಳೆ ಬಸ್ ನಿಲ್ದಾಣದಲ್ಲಿ ನೀವೇ ಆಗಬೇಕಾಗಬಹುದು.