ಹಂದಿಮರಿಯ ಮೇಲೇಕೆ ಕೋಪ?

ಹೊರನಾಡ ಕನ್ನಡಿಗರು ನಾಲ್ವರು ಸೇರಿದಲ್ಲಿ ಈಗ ಒಂದು ಹೊಸ ಚರ್ಚೆ ಹುಟ್ಟಿಕೊಂಡಿದೆ. ಸಂಘದ ಕಾರ್ಯಕ್ರಮ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಿಗೆ ಮಾತು ಮೊಮ್ಮಕ್ಕಳ ಕಡೆಗೆ ಹೊರಳುತ್ತದೆ. ಅಲ್ಲಿಂದ ನೇರವಾಗಿ ‘ಪೆಪ್ಪಾ ಪಿಗ್’ ಎಂಬ ಹಂದಿಮರಿಯ ಕಡೆಗೆ. “ಆ ಹಂದಿ ನಮ್ಮ ಮಗುವನ್ನು ಕೆಡಿಸಿತು” ಎಂದು ಒಬ್ಬರು. “ಕೆಡಿಸುವುದೆಲ್ಲಿ ಬಂತು? ಮೂರು ವರ್ಷಕ್ಕೇ ಎಷ್ಟು ಚೆಂದದ ಇಂಗ್ಲಿಷ್ ಆಡುತ್ತದೆ ನೋಡಿ” ಎಂದು ಇನ್ನೊಬ್ಬರು. “ಇದಕ್ಕೆಲ್ಲ ಒಂದೇ ಮದ್ದು, ಕನ್ನಡದಲ್ಲಿ ಕಾರ್ಟೂನು ಬರಬೇಕು” ಎಂದು ಮೂರನೆಯವರು. ಈ ಮೂವರೂ ತಪ್ಪು ತಕ್ಕಡಿಯಲ್ಲಿ ತೂಗುತ್ತಿದ್ದಾರೆಂಬುದು ನನ್ನ ವಾದ.

ಮೊದಲು ದೂರುವವರ ಮಾತು. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಈ ಮಾಲಿಕೆಯ ಒಂದೊಂದು ಕಂತು ಐದೇ ನಿಮಿಷದ್ದು. ಅಪ್ಪ, ಅಮ್ಮ, ತಮ್ಮ, ಅಜ್ಜ, ಅಜ್ಜಿ, ಮಳೆ ನಿಂತ ಮೇಲಿನ ಕೆಸರು: ಇಷ್ಟೇ ಅದರ ಪ್ರಪಂಚ. ಅಪ್ಪನ ಡೊಳ್ಳು ಹೊಟ್ಟೆಯನ್ನು ಮಕ್ಕಳು ಗೇಲಿ ಮಾಡುತ್ತಾರೆಂಬುದು ಆಕ್ಷೇಪ. ನಮ್ಮ ಮನೆಗಳಲ್ಲಿ ಸೋದರಮಾವನ ಹೊಟ್ಟೆಯನ್ನು ಯಾರೂ ಗೇಲಿ ಮಾಡಿಯೇ ಇಲ್ಲವೇ? ಕಣ್ಣಿಟ್ಟು ನೋಡಿದರೆ ನಿಜವಾದ ತಪ್ಪು ಸಿಗುತ್ತದೆ, ತಿದ್ದಲೂ ಬರುತ್ತದೆ. ಮೊದಲ ಕಂತುಗಳಲ್ಲಿ ಈ ಕುಟುಂಬ ಕಾರಿನಲ್ಲಿ ಬೆಲ್ಟು ಕಟ್ಟದೆ ಕೂರುತ್ತಿತ್ತು. ಅಲ್ಲಿನ ಪಾಲಕರು ಆಕ್ಷೇಪಿಸಿದರು; ನಿರ್ಮಾಪಕರು ಬೆಲ್ಟು ಬರೆದು ತಿದ್ದಿದರು. ಆ ಪಾಲಕರು ಮಗುವಿನ ಪಕ್ಕದಲ್ಲಿ ಕೂತು ನೋಡಿದ್ದರು. ನಮ್ಮಲ್ಲಿ ದೂರುವವರೋ, ಅಡಿಗೆಮನೆಯಿಂದ ಬರೀ ಸದ್ದು ಕೇಳಿ ತೀರ್ಪು ಕೊಡುವವರು.

ಇನ್ನು ಹೊಗಳುವವರ ಸರದಿ. ಇಂಗ್ಲಿಷ್ ಪುಕ್ಕಟೆಯಾಗಿ ಬಂತೆಂದು ಇವರಿಗೆ ಹಿಗ್ಗು. ಸ್ವಾಮೀ, ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಹುಟ್ಟಿದ ಮಗುವಿಗೆ ಇಂಗ್ಲಿಷನ್ನು ಶಾಲೆ ಕಲಿಸುತ್ತದೆ, ಹಿಂದಿ ಮರಾಠಿಯನ್ನು ಬೀದಿ ಕಲಿಸುತ್ತದೆ. ಕನ್ನಡವನ್ನು ಕಲಿಸಲು ಇರುವುದು ಮನೆ ಒಂದೇ. ಊರಿನಿಂದ ಬಂದ ಅಜ್ಜಿ “ಊಟ ಆಯ್ತೇ ಕಂದಾ?” ಎಂದು ಕೇಳಿದಾಗ ಮಗು ಅರ್ಥವಾಗದೆ ಅಮ್ಮನ ಮುಖ ನೋಡಿದರೆ, ಅಲ್ಲಿ ಕಳೆದುಹೋದದ್ದಕ್ಕೆ ಬೆಲೆ ಕಟ್ಟುವವರು ಯಾರು?

“ಹಾಗಾದರೆ ಕನ್ನಡದ ಕಾರ್ಟೂನು ತೋರಿಸೋಣ” ಎನ್ನುವ ಮೂರನೆಯವರ ಮೇಲೆ ನನಗೆ ಗೌರವವಿದೆ, ನಂಬಿಕೆಯಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳೊಡನೆ ಚೀನೀ ಭಾಷಿಕರು ಎದುರಿಗೆ ಕೂತು ಆಡಿದರು, ಪುಸ್ತಕ ಓದಿದರು. ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಭಾಷಿಕರನ್ನು ತೆರೆಯ ಮೇಲೆ ಕಂಡ ಕೂಸುಗಳು ಏನೂ ಕಲಿಯಲಿಲ್ಲ. ಮೂರು ನಾಲ್ಕು ವರ್ಷದ ಮಗು ತೆರೆಯಿಂದ ಪದ ಹೆಕ್ಕಬಲ್ಲುದು, ನಿಜ. ಪದ ಹೆಕ್ಕುವುದು ಬೇರೆ, ಮಾತಾಡುವುದು ಬೇರೆ. ಮಾತಿಗೆ ಮಾತು ಕೊಡುವವರಿಲ್ಲದೆ ಭಾಷೆ ನಿಲ್ಲದು. ನಾವು ಆಡದ ಕನ್ನಡವನ್ನು ಪೆಟ್ಟಿಗೆ ಆಡಿಸಲಿ ಎಂಬುದು ಕೈ ಕೆಸರಾಗದೆ ಬಾಯಿ ಮೊಸರಾಗಲಿ ಎಂಬ ಆಸೆ.

ಹಾಗಾದರೆ ಸರಿಯಾದ ತಕ್ಕಡಿ ಯಾವುದು? ಎ ಬಿ ಸಿ ಡಿ ಎಷ್ಟು ಕಲಿಸಿತು ಎಂದು ಕೇಳಬೇಡಿ. ಮಗುವಿಗೆ ಯೋಚಿಸಲು ಬಿಡುವು ಕೊಡುತ್ತದೆಯೇ, ಆರಿಸಿದ ಮೇಲೆ ಮಾತಾಡಲು ವಿಷಯ ಉಳಿಸುತ್ತದೆಯೇ ಎಂದು ಕೇಳಿ. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಅರವತ್ತು ಮಕ್ಕಳನ್ನು ಪರೀಕ್ಷಿಸಿದರು. ಸರಾಸರಿ 11 ಸೆಕೆಂಡಿಗೊಮ್ಮೆ ದೃಶ್ಯ ಬದಲಾಗುವ ಕಾರ್ಟೂನನ್ನು ಒಂಬತ್ತು ನಿಮಿಷ ನೋಡಿದ ಮಕ್ಕಳು, ತಾಳ್ಮೆ ಮತ್ತು ಗಮನ ಬೇಡುವ ಕೆಲಸಗಳಲ್ಲಿ ಚಿತ್ರ ಬರೆಯುತ್ತಿದ್ದ ಮಕ್ಕಳಿಗಿಂತ ಹಿಂದೆ ಬಿದ್ದರು. ಅಳೆದದ್ದು ತಕ್ಷಣದ ಪರಿಣಾಮ ಮಾತ್ರ. ಆದರೂ ಎಚ್ಚರಿಕೆಗೆ ಅಷ್ಟು ಸಾಕು. ಇದಕ್ಕೆ ಎದುರಾಗಿ, 1996ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಬ್ಲೂಸ್ ಕ್ಲೂಸ್’ ಮಗುವಿಗೆ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿತ್ತು. ಒಂದೇ ಕಂತನ್ನು ವಾರದಲ್ಲಿ ಐದು ದಿನ ತೋರಿಸುತ್ತಿದ್ದರು. ಹೇಳಿದ ಕತೆಯನ್ನೇ ಮತ್ತೆ ಮತ್ತೆ ಹೇಳುವ ನಮ್ಮ ಅಜ್ಜಿಯರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು.

ಈ ತಕ್ಕಡಿಯಲ್ಲಿ ಹಂದಿಮರಿ ತೇರ್ಗಡೆಯಾಗುತ್ತದೆ. ಕತೆ ಚಿಕ್ಕದು, ಓಟ ಹದವಾದದ್ದು, ವಿಷಯ ಮನೆಯದೇ. ಆದರೆ ಅದರ ಅರ್ಧ ಕೆಲಸವನ್ನು ಮಾಡಬೇಕಾದವರು ನಾವು. ಎರಡು ವರ್ಷದೊಳಗೆ ತೆರೆಯೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಆ ಹೊತ್ತಿನಲ್ಲಿ ಎರಡು ಕಂತು ನೋಡಿ, ಆರಿಸಿ, ಕನ್ನಡದಲ್ಲಿ ಕೇಳಿ: “ತಮ್ಮ ಯಾಕೆ ಅತ್ತ? ಕೆಸರಿನಲ್ಲಿ ಯಾರು ಬಿದ್ದರು?” ಮಗು ಇಂಗ್ಲಿಷಿನಲ್ಲೇ ಉತ್ತರಿಸಲಿ, ನೀವು ಕನ್ನಡ ಬಿಡಬೇಡಿ.

ಲೋಕಲ್ ರೈಲಿನಲ್ಲಿ ನಲುಗಿ ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಇದು ಕಷ್ಟವೆಂದು ನಾನು ಬಲ್ಲೆ. ದಿನಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನೂ ಕೊಡಲಾರದೆ, ಕನ್ನಡ ಹೋಯಿತೆಂದು ರಾಜ್ಯೋತ್ಸವದ ವೇದಿಕೆಯಲ್ಲಿ ಕಣ್ಣೀರಿಡುವುದು ಬೇಡ. ಅಪರಾಧ ಹಂದಿಮರಿಯದಲ್ಲ.