ಯಂತ್ರವು ಗುರುವಾಗಲಿ, ವೈದ್ಯನಾಗದಿರಲಿ

ಮಾನವ ದೇಹವು ಅನುಕ್ಷಣವೂ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಹೊಮ್ಮಿಸುತ್ತಿರುತ್ತದೆ. ಹೃದಯದ ಬಡಿತ, ಸ್ನಾಯುಗಳ ಸಂಕೋಚನ, ಮೆದುಳಿನ ವ್ಯಾಪಾರ ಇವೆಲ್ಲವುಗಳ ಸುಳಿವು ಚರ್ಮದ ಮೇಲೆಯೇ ದೊರೆಯುತ್ತದೆ. ಹೃದಯದ ಸಂಕೇತವನ್ನು ದಾಖಲಿಸುವ ವಿಧಾನಕ್ಕಾಗಿ ಡಚ್ ವಿಜ್ಞಾನಿ ವಿಲೆಮ್ ಐಂತೋವನ್ ಅವರಿಗೆ 1924ರ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಜರ್ಮನಿಯ ಹ್ಯಾನ್ಸ್ ಬರ್ಗರ್ ಮಾನವ ಮೆದುಳಿನ ತರಂಗಗಳನ್ನು ಮೊದಲ ಬಾರಿಗೆ ದಾಖಲಿಸಿದರು.

ಅಂದು ಪ್ರಯೋಗಾಲಯಗಳಿಗೆ ಮಾತ್ರ ಎಟುಕುತ್ತಿದ್ದ ಈ ವಿದ್ಯೆ ಇಂದು ಮನೆಯ ಮೇಜಿಗೆ ಬಂದಿದೆ. ಇಟಲಿಯಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಫಲಕ, ಒಂದು ಸಂಕೇತವರ್ಧಕ, ಮೂರು ಅಂಟುಪಟ್ಟಿಗಳು ಇಷ್ಟಿದ್ದರೆ ಬಾಲಕರೂ ತಮ್ಮ ಹೃದಯದ ಅಲೆಯನ್ನು ಪರದೆಯ ಮೇಲೆ ಕಾಣಬಲ್ಲರು. ಇದು ಸ್ವಾಗತಾರ್ಹ. ಪಠ್ಯಪುಸ್ತಕದ ಚಿತ್ರಕ್ಕಿಂತ ತನ್ನದೇ ನಾಡಿಯ ರೇಖೆ ಮಗುವಿಗೆ ಹೆಚ್ಚನ್ನು ಕಲಿಸುತ್ತದೆ.

ಆದರೆ ಈ ಉಪಕರಣದ ಮಿತಿಯನ್ನು ಅರಿಯಬೇಕು. ಆರ್ಡುಯಿನೊ ಊನೊ ಫಲಕವು 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ವಿಭಜಿಸುತ್ತದೆ. ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. ಚರ್ಮದ ಮೇಲೆ ದೊರೆಯುವ ಹೃದಯದ ಸಂಕೇತ ಸುಮಾರು 1 ಮಿಲಿವೋಲ್ಟ್ ಮಾತ್ರ. ಮೆದುಳಿನದು ಸಾಮಾನ್ಯವಾಗಿ ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದಲೇ ವರ್ಧಕ ಬೇಕು. ವರ್ಧಿಸುವಾಗ ತಂತಿಯ ಅಲುಗಾಟ, ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗದ್ದಲಗಳೂ ಬೆರೆಯುತ್ತವೆ. ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಮೆದುಳಿನ ಅಲೆ ಅವುಗಳಲ್ಲಿ ಮುಳುಗಿಹೋಗುತ್ತದೆ.

ಧ್ಯಾನದ ಆಳವನ್ನು ಇಂತಹ ಯಂತ್ರದಿಂದ ಅಳೆಯಬಹುದೆಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಸುಮಾರು 8ರಿಂದ 13 ಹರ್ಟ್ಸ್‌ನ ಆಲ್ಫಾ ತರಂಗಗಳು ಸುಮ್ಮನೆ ಕಣ್ಣು ಮುಚ್ಚಿ ವಿರಮಿಸಿದವರಲ್ಲಿಯೂ ಸಾಮಾನ್ಯವಾಗಿ ಹೆಚ್ಚುತ್ತವೆ. ಅದು ಸಾಧನೆಯ ಪ್ರಮಾಣಪತ್ರವಲ್ಲ.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ನಡುರಾತ್ರಿ ಹಿರಿಯರಿಗೆ ಎದೆನೋವು ಬಂದಾಗ, ಮಗ ಮಾಡಿದ ಯಂತ್ರದಲ್ಲಿ ರೇಖೆ ಸರಿಯಾಗಿದೆಯೆಂದು ಬೆಳಗಿನವರೆಗೆ ಕಾಯುವುದು ಪ್ರಾಣಕ್ಕೆ ಎರವಾಗಬಹುದು. ಮೂರು ಪಟ್ಟಿಗಳ ಈ ಯಂತ್ರ ಹೃದಯವನ್ನು ಒಂದೇ ದಿಕ್ಕಿನಿಂದ ನೋಡುತ್ತದೆ. ಆಸ್ಪತ್ರೆಯ ಇಸಿಜಿ ಹನ್ನೆರಡು ನೋಟಗಳನ್ನು ನೀಡುತ್ತದೆ. ಅದು ಸರಿಯೆನಿಸಿದಾಗಲೂ ವೈದ್ಯರು ರಕ್ತಪರೀಕ್ಷೆ ಮಾಡಿಸುವುದುಂಟು. ಎದೆನೋವು, ಉಸಿರಾಟದ ತೊಂದರೆ, ತಣ್ಣನೆಯ ಬೆವರು ಕಾಣಿಸಿದರೆ ಯಂತ್ರವನ್ನು ಹುಡುಕದೆ 108ಕ್ಕೆ ಕರೆಮಾಡುವುದೇ ವಿವೇಕ.

ಮಕ್ಕಳು ಪ್ರಯೋಗ ಮಾಡುವಾಗಲೂ ಒಂದು ನಿಯಮ ತಪ್ಪಬಾರದು. ಫಲಕವು ಬ್ಯಾಟರಿಯಿಂದಲೇ ನಡೆಯಬೇಕು. ಲ್ಯಾಪ್‌ಟಾಪಿಗೆ ಜೋಡಿಸಿದ್ದರೆ ಅದರ ಚಾರ್ಜರ್ ತೆಗೆದಿರಬೇಕು. ದೇಹಕ್ಕೆ ತಂತಿ ಅಂಟಿರುವಾಗ ಗೋಡೆಯ ವಿದ್ಯುತ್ತಿನೊಡನೆ ಯಾವ ನಂಟೂ ಇರಕೂಡದು. ಪೇಸ್‌ಮೇಕರ್ ಅಳವಡಿಸಿಕೊಂಡವರ ಮೇಲೆ ಈ ಪ್ರಯೋಗ ಬೇಡ.

ಕುತೂಹಲವಿರುವ ಮಕ್ಕಳಿಗೆ ಹಿರಿಯರು ಈ ಫಲಕವನ್ನು ಧಾರಾಳವಾಗಿ ಕೊಡಿಸಲಿ. ದೇಹದ ವಿಸ್ಮಯವನ್ನು ಅದು ತೋರಿಸಲಿ. ರೋಗದ ನಿರ್ಣಯ ಮಾತ್ರ ಬಲ್ಲವರ ಕೈಯಲ್ಲಿರಲಿ.